ಒಳ್ಳೆ ಭಾಷಣಕಾರರು ಎಲ್ಲಿ ಹೋದರು?

ಪ್ರಶ್ನೆ: ನಮ್ಮ ತಂದೆ ಸಾಗರದ ಕಡೆಯವರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಭಾಷಣ ಇದೆ ಅಂದರೆ ಗದ್ದೆ ಕೆಲಸ ಬಿಟ್ಟು ಹೋಗುತ್ತಿದ್ದೆವು ಎಂದು ಈಗಲೂ ಹೇಳುತ್ತಾರೆ. ನಾನು ಟಿವಿಯಲ್ಲಿ ಅಧಿವೇಶನ ನೋಡುತ್ತೇನೆ, ಚುನಾವಣೆ ಬಂದರೆ ಸಭೆಗಳಿಗೂ ಹೋಗುತ್ತೇನೆ. ಮೈ ಜುಂ ಅನ್ನಿಸುವ ಒಂದು ಮಾತೂ ಕಿವಿಗೆ ಬೀಳುವುದಿಲ್ಲ. ರಾಜಕೀಯ ಭಾಷಣದ ಕಲೆ ನಿಜವಾಗಿ ಸತ್ತುಹೋಯಿತಾ? ಅಥವಾ ಇದು ‘ನಮ್ಮ ಕಾಲದಲ್ಲಿ ಹಾಗಿತ್ತು’ ಅನ್ನುವ ಹಳೇ ರಾಗವಾ?

ಉತ್ತರ: ಹಳೇ ರಾಗವೂ ಹೌದು, ನಿಜವೂ ಹೌದು. ಎಲ್ಲಿ ಕುಸಿದಿದೆ, ಎಲ್ಲಿ ಕುಸಿದಿಲ್ಲ ಅನ್ನುವುದನ್ನು ಬಿಡಿಸಿ ನೋಡಬೇಕು. ಶಾಸನಸಭೆ, ಸಂಸತ್ತುಗಳ ಒಳಗೆ ಕುಸಿದಿದೆ. ಇದರಲ್ಲಿ ನನಗೆ ಅನುಮಾನವಿಲ್ಲ. ಚುನಾವಣಾ ಸಭೆಗಳಲ್ಲಿ ಭಾಷಣದ ಜಾಗವನ್ನು ಬೇರೆ ಏನೇನೋ ಆಕ್ರಮಿಸಿಕೊಂಡಿವೆ. ಆದರೆ ಮಾತು ಬಲ್ಲವರೇ ಈಗ ಹುಟ್ಟುತ್ತಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಹಳೇ ರಾಗದ ವಿಚಾರ ಮುಗಿಸೋಣ. ಅದು ಎಷ್ಟು ಹಳೆಯದು ಅಂದರೆ, ಸುಮಾರು 1900 ವರ್ಷಗಳ ಹಿಂದೆ ರೋಮ್‌ನ ಇತಿಹಾಸಕಾರ ಟ್ಯಾಸಿಟಸ್ ಇದೇ ಪ್ರಶ್ನೆ ಇಟ್ಟುಕೊಂಡು ಒಂದು ಸಂವಾದ ಬರೆದಿದ್ದಾನೆ. ಹಿಂದೆ ಅಂಥಾ ವಾಗ್ಮಿಗಳಿದ್ದರು, ಈಗ ಯಾಕಿಲ್ಲ ಎಂದು ನಾಲ್ಕಾರು ಜನ ಕೂತು ವಾದ ಮಾಡುತ್ತಾರೆ. ಈಗಿನವರೇನು ಕಮ್ಮಿಯಿಲ್ಲ ಅನ್ನುತ್ತಾನೆ ಒಬ್ಬ. ಮಕ್ಕಳನ್ನು ಬೆಳೆಸುವ ರೀತಿ, ಕಲಿಸುವ ರೀತಿ ಕೆಟ್ಟಿದೆ ಅನ್ನುತ್ತಾನೆ ಇನ್ನೊಬ್ಬ. ಇದನ್ನು ಓದಿದಾಗ ನಗು ಬರುತ್ತದೆ, ನಮ್ಮೂರ ಹೋಟೆಲಿನಲ್ಲಿ ಕೂತು ಕೇಳಿದಂತೆ ಇದೆ. ಆದರೆ ಮಾಟರ್ನಸ್ ಎಂಬ ಮೂರನೆಯವನು ಹೇಳುವ ಕಾರಣ ಬೇರೆ. ಗಣರಾಜ್ಯ ಇದ್ದಾಗ ಗದ್ದಲ, ಜಗಳ, ಪಕ್ಷ, ಪ್ರತಿಪಕ್ಷ ಎಲ್ಲಾ ಇತ್ತು. ಜನರನ್ನೂ ಸೆನೆಟನ್ನೂ ಒಪ್ಪಿಸದೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಈಗ ತೀರ್ಮಾನ ಮಾಡುವವನು ಒಬ್ಬನೇ, ಚಕ್ರವರ್ತಿ. ಸೆನೆಟ್‌ನಲ್ಲಿ ಉದ್ದುದ್ದ ಮಾತಾಡಿ ಏನು ಉಪಯೋಗ ಎಂದು ಕೇಳುತ್ತಾನೆ ಅವನು.

ಈ ಮಾಟರ್ನಸ್‌ನ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ಉತ್ತರ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ಅದಕ್ಕೂ ಮೊದಲು ನಮ್ಮ ನೆನಪು ಮಾಡುವ ಮೋಸವನ್ನು ಸ್ವಲ್ಪ ನೋಡೋಣ. ಹಳೆಯ ಕಾಲದ ಅತ್ಯುತ್ತಮ ಭಾಷಣವನ್ನು ನಿನ್ನೆ ಸಂಜೆ ಟಿವಿಯಲ್ಲಿ ಕೇಳಿದ ಸಾಧಾರಣ ಭಾಷಣದ ಪಕ್ಕ ಇಡುತ್ತೇವೆ. ಇದು ಸಮಜೋಡಿ ಅಲ್ಲ. 1863ರ ನವೆಂಬರ್ 19ರಂದು ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಸೈನಿಕರ ಸ್ಮಶಾನವನ್ನು ಸಮರ್ಪಿಸುವ ಸಮಾರಂಭ. ಅವತ್ತಿನ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್, ಆ ಕಾಲದ ಬಹಳ ದೊಡ್ಡ ವಾಗ್ಮಿ. ಅವನು ಎರಡು ಗಂಟೆ ಮಾತಾಡಿದ. ಆಮೇಲೆ ಅಬ್ರಹಾಂ ಲಿಂಕನ್ ಎದ್ದು ಎರಡು ಮೂರು ನಿಮಿಷ ಮಾತಾಡಿದ, ಹೆಚ್ಚು ಕಮ್ಮಿ 270 ಪದ. ನಮಗೆ ಗೊತ್ತಿರುವುದು ಅದೊಂದೇ. ಎವರೆಟ್‌ನ ಎರಡು ಗಂಟೆಯಲ್ಲಿ ಒಂದು ವಾಕ್ಯವನ್ನೂ ಇವತ್ತು ಯಾರೂ ಹೇಳಲಾರರು. ಮಾರನೇ ದಿನ ಎವರೆಟ್ಟೇ ಲಿಂಕನ್‌ಗೆ ಕಾಗದ ಬರೆದ: ನಾನು ಎರಡು ಗಂಟೆಯಲ್ಲಿ ಮುಟ್ಟಲಾಗದ್ದನ್ನು ನೀವು ಎರಡು ನಿಮಿಷದಲ್ಲಿ ಮುಟ್ಟಿದಿರಿ ಅನ್ನುವ ಅರ್ಥದಲ್ಲಿ. ಕಾಲದ ಜರಡಿ ಎವರೆಟ್‌ಗಳನ್ನು ಕೆಳಗೆ ಬಿಟ್ಟು ಲಿಂಕನ್‌ನನ್ನು ಮಾತ್ರ ಉಳಿಸಿಕೊಂಡಿದೆ. ನಮ್ಮ ಕಾಲದ ಭಾಷಣಗಳು ಇನ್ನೂ ಜರಡಿಗೇ ಬಿದ್ದಿಲ್ಲ.

ಇನ್ನೊಂದು ತಮಾಷೆ ಕೇಳಿ. ಚರ್ಚಿಲ್ 1940ರ ಜೂನ್ 4ರಂದು ಬ್ರಿಟಿಷ್ ಸಂಸತ್ತಿನಲ್ಲಿ ‘ಕಡಲತೀರಗಳಲ್ಲಿ ಹೋರಾಡುತ್ತೇವೆ’ ಎಂದು ಮಾಡಿದ ಭಾಷಣವನ್ನು ಇವತ್ತು ಯಾರು ಬೇಕಾದರೂ ಅವರದೇ ದನಿಯಲ್ಲಿ ಕೇಳಬಹುದು. ಆದರೆ ಆ ದನಿ ಅವತ್ತಿನದಲ್ಲ! ಆಗ ಸಂಸತ್ತಿನ ಕಲಾಪದ ಧ್ವನಿಮುದ್ರಣ ಇರಲಿಲ್ಲ. ಅವತ್ತು ರಾತ್ರಿ ರೇಡಿಯೊದಲ್ಲಿ ವಾರ್ತೆ ಓದುವವರು ಅದರ ಕೆಲವು ಭಾಗ ಓದಿದರು, ಅಷ್ಟೆ. ಈಗ ನಾವು ಕೇಳಿ ರೋಮಾಂಚನಗೊಳ್ಳುವ ಮುದ್ರಣವನ್ನು ಚರ್ಚಿಲ್ ಮಾಡಿದ್ದು ಯುದ್ಧ ಮುಗಿದ ಮೇಲೆ, 1949ರಲ್ಲಿ. ಅಂದ ಹಾಗೆ ಈ ಚರ್ಚಿಲ್ಲೇ 1904ರಲ್ಲಿ ಬಾಯಿಪಾಠ ಮಾಡಿದ್ದ ಭಾಷಣ ನಡುವೆ ಮರೆತುಹೋಗಿ, ಸಂಸತ್ತಿನಲ್ಲಿ ತಬ್ಬಿಬ್ಬಾಗಿ ಕೂತುಬಿಟ್ಟಿದ್ದರು. ಅಲ್ಲಿಂದ ಮುಂದೆ ಟಿಪ್ಪಣಿ ಇಲ್ಲದೆ ಎದ್ದು ನಿಲ್ಲುತ್ತಿರಲಿಲ್ಲ. ‘ಆಗಿನವರು ಚೀಟಿ ನೋಡದೆ ಮಾತಾಡುತ್ತಿದ್ದರು’ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಸುವರ್ಣಯುಗ ಯಾರಿಗೆ ಸುವರ್ಣವಾಗಿತ್ತು ಅನ್ನುವ ಪ್ರಶ್ನೆಯೂ ಇದೆ. 1947ರ ಆಗಸ್ಟ್ 14ರ ನಡುರಾತ್ರಿ ನೆಹರೂ ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣವನ್ನು ಭಾರತದ ಶ್ರೇಷ್ಠ ಭಾಷಣ ಅನ್ನುತ್ತೇವೆ. ಅದು ಇದ್ದದ್ದು ಇಂಗ್ಲಿಷಿನಲ್ಲಿ. 1951ರ ಜನಗಣತಿ ಪ್ರಕಾರ ಆಗ ದೇಶದಲ್ಲಿ ಓದು ಬರಹ ಬಲ್ಲವರೇ ನೂರಕ್ಕೆ 18 ಜನ. ಇಂಗ್ಲಿಷ್ ಎಷ್ಟು ಜನಕ್ಕೆ ತಿಳಿಯುತ್ತಿತ್ತು ಎಂದು ನೀವೇ ಊಹಿಸಿ. ಊರೂರು ಸುತ್ತಿ ಅವರು ಹಿಂದೂಸ್ತಾನಿಯಲ್ಲಿ ಜನರ ಜೊತೆ ಆಡಿದ ಮಾತುಗಳು ಇವತ್ತು ಶ್ರೇಷ್ಠ ಭಾಷಣಗಳ ಪಟ್ಟಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಲು 1967ರಲ್ಲಿ ಶಿವಮೊಗ್ಗದಿಂದ ಗೆದ್ದುಹೋದ ಜೆ.ಎಚ್. ಪಟೇಲರು ಬರಬೇಕಾಯಿತು. ಸಂಸತ್ತಿನ ಮಟ್ಟ ಇಳಿದಿದೆ ಎಂದು ಗೊಣಗುವವರಲ್ಲಿ ಕೆಲವರಿಗೆ ನಿಜವಾಗಿ ಕಷ್ಟವಾಗಿರುವುದು ಇಂಗ್ಲಿಷ್ ಇಳಿದಿರುವುದು. ಅದು ನನ್ನ ದುಃಖ ಅಲ್ಲ.

ಇಷ್ಟೆಲ್ಲಾ ಕಳೆದ ಮೇಲೂ ಏನೋ ಒಂದು ಉಳಿಯುತ್ತದೆ. ನಿಮ್ಮ ತಂದೆಯವರು ಹೇಳುವುದು ಬರೀ ನೆನಪಿನ ಮೋಸ ಅಲ್ಲ.

ಗೋಪಾಲಗೌಡರ ಮಾತು ಕೇಳಲು ಬಂದವರು ಯಾರು ಎಂದು ಯೋಚಿಸಿ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಜಗಳ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಒಡೆಯರ ಕೊಳಗ ದೊಡ್ಡದಿತ್ತು. ಸಮಾಜವಾದಿ ನಾಯಕ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮುಂದಿನ ವರ್ಷ ಗೋಪಾಲಗೌಡರು ಶಾಸಕರಾದರು. ಆ ಸೀಮೆಯ ಸಭೆಗಳಲ್ಲಿ ನೆಲದ ಮೇಲೆ ಕೂತು ಕೇಳುತ್ತಿದ್ದ ರೈತ ಮನೆಗೆ ಹೋದ ಮೇಲೆ ಒಂದು ತೀರ್ಮಾನ ಮಾಡಬೇಕಿತ್ತು. ನಾಳೆ ಒಡೆಯರ ಮುಂದೆ ಕೈಕಟ್ಟಿ ನಿಲ್ಲುವುದಾ, ಬೇಡವಾ? ಗೇಣಿ ಭೂಮಿ ಕೈಬಿಟ್ಟರೆ ಹೆಂಡತಿ ಮಕ್ಕಳ ಗತಿ ಏನು? ಭಾಷಣ ಅವನ ಹೊಟ್ಟೆಗೆ ಸಂಬಂಧಿಸಿದ್ದು. ಅಂಥ ಕಡೆ ಮಾತಿಗೆ ತಾನಾಗೇ ಬಿಸಿ ಬರುತ್ತದೆ. ಭಾಷಣಕಾರನ ಪ್ರತಿಭೆ ಅಲ್ಲಿ ಅರ್ಧ. ಉಳಿದರ್ಧ ಕೇಳುಗನ ಎದುರಿಗಿರುವ ಆಯ್ಕೆ.

ಸ್ಫೂರ್ತಿ ಕೊಡುವ ಭಾಷಣದ ಗುಟ್ಟು ಇಷ್ಟೇ ಎಂದು ನಾನು ನಂಬಿದ್ದೇನೆ. ಇನ್ನೂ ಮನಸ್ಸು ಮಾಡದ ಕೇಳುಗರು ಬೇಕು, ಮತ್ತು ಅವರು ಮನಸ್ಸು ಮಾಡಿದರೆ ಏನಾದರೂ ಬದಲಾಗುವಂತಿರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಭಾಷಣ ಬರೀ ಪ್ರದರ್ಶನ.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಒಬ್ಬ ಕೆಟ್ಟ ಭಾಷಣಕಾರ. ಬ್ರಿಟನ್ನಿನ ಜೆಫ್ರಿ ಹೌ. ಮಾರ್ಗರೆಟ್ ಥ್ಯಾಚರ್ ಸಂಪುಟದಲ್ಲಿ ವರ್ಷಗಟ್ಟಲೆ ಇದ್ದ ಮನುಷ್ಯ. ಮಾತು ಎಷ್ಟು ಸಪ್ಪೆ ಅಂದರೆ, ಇವರಿಂದ ಬೈಸಿಕೊಳ್ಳುವುದು ಸತ್ತ ಕುರಿ ಮೈಮೇಲೆ ಬಿದ್ದಂತೆ ಎಂದು ಎದುರು ಪಕ್ಷದ ಡೆನಿಸ್ ಹೀಲಿ ಹಿಂದೊಮ್ಮೆ ಹಾಸ್ಯ ಮಾಡಿದ್ದರು. 1990ರ ನವೆಂಬರ್‌ನಲ್ಲಿ ಈ ಹೌ ರಾಜೀನಾಮೆ ಕೊಟ್ಟು, 13ನೇ ತಾರೀಖು ಸದನದಲ್ಲಿ ಎದ್ದು ನಿಂತರು. ಅದೇ ಸಪ್ಪೆ ದನಿ. ಕೂಗಲಿಲ್ಲ, ಕೈ ಬೀಸಲಿಲ್ಲ. ಯುರೋಪಿನ ಜೊತೆ ಮಾತುಕತೆಗೆ ನಮ್ಮನ್ನು ಕಳಿಸುವ ರೀತಿ ಹೇಗಿದೆ ಅಂದರೆ, ಆರಂಭಿಕ ಬ್ಯಾಟ್ಸ್‌ಮನ್‌ಗಳು ಕ್ರೀಸಿಗೆ ಹೋಗಿ ಮೊದಲ ಚೆಂಡು ಎದುರಿಸುವಾಗ ನೋಡಿದರೆ, ಆಟಕ್ಕೆ ಮುಂಚೆಯೇ ತಂಡದ ನಾಯಕಿ ಬ್ಯಾಟುಗಳನ್ನು ಮುರಿದಿಟ್ಟಿದ್ದಾರೆ ಅನ್ನುವ ಹಾಗೆ ಎಂದರು. ಸದನದಲ್ಲಿ ಥ್ಯಾಚರ್ ಕೂತು ಕೇಳುತ್ತಿದ್ದರು. ಮಾರನೇ ದಿನವೇ ಮೈಕೆಲ್ ಹೆಸೆಲ್ಟೈನ್ ನಾಯಕತ್ವಕ್ಕೆ ಸವಾಲು ಹಾಕಿದರು. ಒಂಬತ್ತನೇ ದಿನ, ನವೆಂಬರ್ 22ರಂದು, ಥ್ಯಾಚರ್ ಪದವಿ ಬಿಡುವುದಾಗಿ ಪ್ರಕಟಿಸಿದರು. ಹನ್ನೊಂದು ವರ್ಷದ ಪ್ರಧಾನಿ!

ಸತ್ತ ಕುರಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ಅವರ ಎದುರಿಗೆ ಕೂತಿದ್ದ ಸ್ವಪಕ್ಷದ ಸಂಸದರಿಗೆ ಮನಸ್ಸು ಬದಲಿಸುವ ಹಕ್ಕಿತ್ತು. 1940ರಲ್ಲೂ ಹೀಗೇ ಆಯಿತು. ನಾರ್ವೆ ಯುದ್ಧದ ಸೋಲಿನ ಮೇಲೆ ಮೇ 7 ಮತ್ತು 8ರಂದು ನಡೆದ ಚರ್ಚೆಯಲ್ಲಿ ಲಿಯೊ ಅಮೆರಿ ತಮ್ಮದೇ ಪಕ್ಷದ ಪ್ರಧಾನಿ ಚೇಂಬರ್ಲೇನ್ ಕಡೆ ನೋಡಿ, ಹದಿನೇಳನೇ ಶತಮಾನದ ಇಂಗ್ಲೆಂಡಿನ ನಾಯಕ ಕ್ರಾಮ್‌ವೆಲ್‌ನ ಹಳೇ ಮಾತನ್ನೇ ಎತ್ತಿ ಹೇಳಿದರು: ದೇವರ ಹೆಸರಲ್ಲಿ ಹೇಳುತ್ತೇನೆ, ಹೊರಡಿ. ಆಡಳಿತ ಪಕ್ಷದ ಹತ್ತಾರು ಸದಸ್ಯರು ಸರ್ಕಾರದ ವಿರುದ್ಧ ಮತ ಹಾಕಿದರು. 200ಕ್ಕೂ ಹೆಚ್ಚು ಇರಬೇಕಿದ್ದ ಬಹುಮತ 81ಕ್ಕೆ ಇಳಿಯಿತು. ಸರ್ಕಾರ ಸೋಲಲಿಲ್ಲ, ಗೆದ್ದಿತು. ಆದರೂ ಎರಡು ದಿನದಲ್ಲಿ ಚೇಂಬರ್ಲೇನ್ ಹೋದರು, ಚರ್ಚಿಲ್ ಬಂದರು.

ಈಗ ಬೆಂಗಳೂರಿಗೆ ಬನ್ನಿ. 2019ರ ಜುಲೈ 18ರಂದು ಮುಖ್ಯಮಂತ್ರಿ ಕುಮಾರಸ್ವಾಮಿ ವಿಶ್ವಾಸಮತ ಕೋರಿ ನಿರ್ಣಯ ಮಂಡಿಸಿದರು. ಅದು ಮತಕ್ಕೆ ಬಿದ್ದದ್ದು 23ರ ಸಂಜೆ. ನಡುವಿನ ಕಲಾಪವೆಲ್ಲ ಭಾಷಣವೋ ಭಾಷಣ. ಸಂವಿಧಾನ, ನೈತಿಕತೆ, ಪಕ್ಷಾಂತರ, ಹಳೇ ನಾಯಕರ ನೆನಪು, ಶಾಯರಿ, ಕಣ್ಣೀರು ಎಲ್ಲಾ ಬಂತು. ಅದರಲ್ಲಿ ಕೆಲವು ಭಾಷಣಗಳು ನಿಜಕ್ಕೂ ಚೆನ್ನಾಗಿದ್ದವು. ಆದರೆ ಆ ಮಾತುಗಳು ಯಾರ ಮನಸ್ಸು ಬದಲಿಸಬೇಕಿತ್ತೋ ಆ ಅತೃಪ್ತ ಶಾಸಕರು ಸದನದಲ್ಲೇ ಇರಲಿಲ್ಲ, ಮುಂಬೈ ಹೋಟೆಲಿನಲ್ಲಿದ್ದರು. ಇದ್ದವರು ಯಾರೂ ಅಲುಗಾಡುವಂತಿರಲಿಲ್ಲ. ಪರ 99, ವಿರುದ್ಧ 105. ಮೊದಲ ದಿನ ಬೆಳಿಗ್ಗೆಯೇ ಮತಕ್ಕೆ ಹಾಕಿದ್ದರೂ ಅಷ್ಟೇ ಇರುತ್ತಿತ್ತು ಅಲ್ವಾ?

ಇಲ್ಲಿ ಒಂದು ಕಾನೂನಿನ ಮಾತು ಹೇಳಲೇಬೇಕು. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ಬಂತು, ಹತ್ತನೇ ಅನುಸೂಚಿ ಸೇರಿತು. ನಾವು ಪಕ್ಷಾಂತರ ನಿಷೇಧ ಕಾಯ್ದೆ ಅನ್ನುತ್ತೇವಲ್ಲ, ಅದು. ಪಕ್ಷ ವಿಪ್, ಅಂದರೆ ಹೀಗೇ ಮತ ಹಾಕಬೇಕು ಎಂಬ ಆದೇಶ, ಕೊಟ್ಟ ಮೇಲೆ ಅದಕ್ಕೆ ವಿರುದ್ಧವಾಗಿ ಮತ ಹಾಕಿದರೆ ಸದಸ್ಯತ್ವ ಹೋಗುತ್ತದೆ. ಅದು ಬಂದದ್ದಕ್ಕೆ ಕಾರಣ ಇಲ್ಲದಿಲ್ಲ. 1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದ್ದರು. ‘ಆಯಾ ರಾಮ್ ಗಯಾ ರಾಮ್’ ಅನ್ನುವ ಗಾದೆ ಹುಟ್ಟಿದ್ದು ಅಲ್ಲಿಂದ. ಆ ವ್ಯಾಪಾರ ನಿಲ್ಲಿಸಬೇಕಿತ್ತು. ಆದರೆ ಕಾನೂನು ವ್ಯಾಪಾರಿಯನ್ನೂ ಆತ್ಮಸಾಕ್ಷಿಯವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿತು. ವ್ಯಾಪಾರಿ ರಾಜೀನಾಮೆ ಕೊಟ್ಟು, ಹೊಸ ಪಕ್ಷದ ಟಿಕೆಟ್‌ನಲ್ಲಿ ಮತ್ತೆ ಗೆದ್ದು ಬರುವ ದಾರಿ ಕಂಡುಕೊಂಡ. ಕಟ್ಟುಬಿದ್ದವನು ಎದುರಾಳಿಯ ಭಾಷಣ ಕೇಳಿ ‘ಹೌದಲ್ಲ, ಇವರು ಹೇಳುವುದು ಸರಿ’ ಅಂದುಕೊಳ್ಳುವ ಸದಸ್ಯ. ಅವನು ಅಂದುಕೊಳ್ಳಬಹುದು, ಮತ ಹಾಕುವಂತಿಲ್ಲ. ಒಪ್ಪಿಸುವುದಕ್ಕೆ ಯಾರೂ ಇಲ್ಲದ ಮನೆಯಲ್ಲಿ ವಾಗ್ಮಿ ಏನು ಮಾಡುತ್ತಾನೆ? ಮಾಟರ್ನಸ್ ಹೇಳಿದ್ದು ಇದನ್ನೇ. ನಮ್ಮಲ್ಲಿ ಚಕ್ರವರ್ತಿಯ ಜಾಗದಲ್ಲಿ ವಿಪ್ ಇದೆ.

ಸಮಯವೂ ಕಡಿಮೆಯಾಗಿದೆ. ಮೊದಲ ಲೋಕಸಭೆ ತನ್ನ ಐದು ವರ್ಷದಲ್ಲಿ 677 ದಿನ ಕೂತಿತ್ತು. 2019ರಿಂದ 2024ರವರೆಗಿನ ಹದಿನೇಳನೇ ಲೋಕಸಭೆ ಕೂತದ್ದು 274 ದಿನ. ಕರ್ನಾಟಕ 2005ರಲ್ಲಿ ಒಂದು ಕಾಯ್ದೆಯನ್ನೇ ಮಾಡಿಕೊಂಡಿತು, ವರ್ಷಕ್ಕೆ ಕನಿಷ್ಠ 60 ದಿನ ವಿಧಾನಮಂಡಲ ಸೇರಬೇಕು ಎಂದು. ತಾನೇ ಮಾಡಿದ ಆ ಕಾಯ್ದೆಯನ್ನು ಬಹುತೇಕ ವರ್ಷ ತಾನೇ ಪಾಲಿಸಿಲ್ಲ. ಇರುವ ದಿನಗಳಲ್ಲೂ ಮಾತಿನ ಸಮಯ ಹಂಚುವುದು ಪಕ್ಷದ ಬಲ ನೋಡಿ. ಮೊದಲ ಸಲ ಗೆದ್ದು ಬಂದ ಹುಡುಗ ವಿಷಯಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿಬಿಡುತ್ತಾರೆ.

ಹಾಗಾದರೆ ಸದನದಲ್ಲಿ ಮಾತಾಡುವವರು ಈಗ ಯಾರ ಜೊತೆ ಮಾತಾಡುತ್ತಾರೆ? ನಿಮ್ಮ ಜೊತೆ. ಟಿವಿಯ ಈಚೆ ಕೂತವರ ಜೊತೆ. ಈ ತಿರುವನ್ನು ಒಂದೇ ಭಾಷಣದಲ್ಲಿ ನೋಡಬೇಕು ಅಂದರೆ 1996ರ ಮೇ ತಿಂಗಳ ಕೊನೆಯ ವಾರದ ವಾಜಪೇಯಿ ಭಾಷಣ ನೋಡಿ. ಹದಿಮೂರು ದಿನದ ಸರ್ಕಾರ, ಸಂಖ್ಯೆ ಇಲ್ಲ, ಬರುವುದೂ ಇಲ್ಲ. ಅದು ಅವರಿಗೂ ಗೊತ್ತು, ಎದುರಿನವರಿಗೂ ಗೊತ್ತು. ಸರ್ಕಾರಗಳು ಬರುತ್ತವೆ, ಹೋಗುತ್ತವೆ. ಪಕ್ಷಗಳು ಹುಟ್ಟುತ್ತವೆ, ಒಡೆಯುತ್ತವೆ. ಆದರೆ ಈ ದೇಶ ಉಳಿಯಬೇಕು ಎಂದರು. ಕೊನೆಗೆ ಮತಕ್ಕೆ ಹಾಕದೆ, ರಾಷ್ಟ್ರಪತಿಗಳಿಗೆ ರಾಜೀನಾಮೆ ಕೊಡಲು ಹೊರಟರು. ಆ ಚರ್ಚೆ ದೂರದರ್ಶನದಲ್ಲಿ ನೇರವಾಗಿ ಬಂತು. ಅವರ ಕೇಳುಗರು ಸದನದ ಬೆಂಚುಗಳಲ್ಲಿ ಇರಲಿಲ್ಲ, ಮನೆಗಳಲ್ಲಿದ್ದರು. ಅವರಿಗೆ ತೀರ್ಮಾನ ಮಾಡಲು ಇನ್ನೂ ಅವಕಾಶವಿತ್ತು. ಎರಡು ವರ್ಷದಲ್ಲಿ ವಾಜಪೇಯಿ ಮತ್ತೆ ಪ್ರಧಾನಿಯಾದರು. ಅವರ ರಾಜಕೀಯವನ್ನು ಒಪ್ಪದವರಿಗೂ ಈ ಭಾಷಣದಿಂದ ಕಲಿಯಲು ಬೇಕಾದಷ್ಟಿದೆ. ಮಾತಿನ ನಡುವೆ ಅವರು ಬಿಡುವ ಮೌನವೇ ಒಂದು ಪಾಠ.

ತೊಂದರೆ ಶುರುವಾದದ್ದು ಆಮೇಲೆ. ಟಿವಿಗೆ ಪೂರ್ತಿ ಭಾಷಣ ಬೇಡವಾಯಿತು, ತುಂಡು ಸಾಕಾಯಿತು. ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದಾರೆ. 1968ರ ಅಧ್ಯಕ್ಷ ಚುನಾವಣೆಯಲ್ಲಿ ಟಿವಿ ವಾರ್ತೆ ಒಬ್ಬ ಅಭ್ಯರ್ಥಿಯ ಮಾತನ್ನು ತಡೆಯಿಲ್ಲದೆ ತೋರಿಸುತ್ತಿದ್ದ ಸರಾಸರಿ ಹೊತ್ತು ಸುಮಾರು 43 ಸೆಕೆಂಡ್. 1988ಕ್ಕೆ ಬರುವಷ್ಟರಲ್ಲಿ ಅದು ಸುಮಾರು 9 ಸೆಕೆಂಡ್. ಮೊಬೈಲ್, ರೀಲ್ಸ್ ಎಲ್ಲಾ ಹುಟ್ಟುವ ಎಷ್ಟೋ ಮೊದಲಿನ ಕತೆ ಇದು. ಸುಮ್ನೆ ಈಗಿನ ಹುಡುಗರನ್ನು ಬೈಯಬೇಡಿ. ನಮ್ಮ ವಿಧಾನಸೌಧದ ಮೆಟ್ಟಿಲ ಮೇಲೆ ವರದಿಗಾರರು ‘ಸಾರ್, ಒಂದು ಬೈಟ್’ ಎಂದು ಮೈಕ್ ಹಿಡಿಯುತ್ತಾರಲ್ಲ, ರಾಜಕಾರಣಿ ಕಲಿತದ್ದು ಆ ಮೈಕಿಗೆ ಬೇಕಾದ ಮಾತನ್ನು. ವಾದ ಕಟ್ಟುವುದಕ್ಕೆ ಹತ್ತು ನಿಮಿಷ ಬೇಕು. ಬೈಗುಳಕ್ಕೆ ಒಂಬತ್ತು ಸೆಕೆಂಡ್ ಧಾರಾಳ.

ಹಾಗಂತ ಭಾಷಣದಿಂದ ತುಂಡು ಕೀಳುವ ಚಾಳಿ ಟಿವಿಯವರ ಕಂಡುಹಿಡಿತವೂ ಅಲ್ಲ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಸವಲಿಂಗಪ್ಪನವರು ಒಂದು ಭಾಷಣ ಮಾಡಿದರು. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬರ್ಥದ ಮಾತು ಅದರಲ್ಲಿ ಬಂತು. ಆಗ ಕ್ಯಾಮೆರಾ ಇಲ್ಲ, ವಾಟ್ಸ್‌ಆ್ಯಪ್ ಇಲ್ಲ. ಆದರೂ ಆ ಒಂದು ಮಾತು ರಾಜ್ಯದ ತುಂಬ ಹೊತ್ತಿಕೊಂಡಿತು. ಗಲಾಟೆ, ಹೊಡೆದಾಟ, ಕೊನೆಗೆ ಅವರು ಮಂತ್ರಿ ಪದವಿ ಬಿಡಬೇಕಾಯಿತು. ಉಳಿದ ಭಾಷಣದಲ್ಲಿ ಏನಿತ್ತು ಎಂದು ಹತ್ತು ಜನರನ್ನು ಕೇಳಿ ನೋಡಿ, ಒಬ್ಬರೂ ಹೇಳಲಾರರು. ಆದರೆ ಅದೇ ಮಾತು ದಲಿತ ಹುಡುಗರ ಒಂದು ಇಡೀ ತಲೆಮಾರನ್ನು ಎಬ್ಬಿಸಿತು. ದಲಿತ ಸಂಘರ್ಷ ಸಮಿತಿಯ ಹುಟ್ಟಿನ ಕತೆ ಹೇಳುವವರು ಬೂಸಾ ಚಳವಳಿಯನ್ನು ಬಿಟ್ಟು ಹೇಳುವುದಿಲ್ಲ. ಸ್ಫೂರ್ತಿ ಕೊಟ್ಟ ಭಾಷಣಗಳ ಪಟ್ಟಿಯಲ್ಲಿ ಇದನ್ನು ಯಾರೂ ಸೇರಿಸುವುದಿಲ್ಲ. ಕನ್ನಡ ನಾಡಿನಲ್ಲಿ ಇದಕ್ಕಿಂತ ಜಾಸ್ತಿ ಕೆಲಸ ಮಾಡಿದ ರಾಜಕೀಯ ಭಾಷಣ ಇನ್ನೊಂದಿದ್ದರೆ ನನಗೆ ತಿಳಿಸಿ.

ಇನ್ನು ನೀವು ಹೋಗುವ ಚುನಾವಣಾ ಸಭೆಗಳು. ಇಲ್ಲಿನ ಕಾರಣಗಳು ತೀರಾ ಸಾದಾ, ಆದರೆ ಯಾರೂ ಗಮನಿಸುವುದಿಲ್ಲ. 1996ರಲ್ಲಿ ಜನಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ಬಂತು. ನಾಮಪತ್ರ ವಾಪಸ್ ತೆಗೆದುಕೊಳ್ಳುವ ಕೊನೇ ದಿನಕ್ಕೂ ಮತದಾನಕ್ಕೂ ನಡುವೆ ಕನಿಷ್ಠ 20 ದಿನ ಇರಬೇಕಿದ್ದದ್ದು 14ಕ್ಕೆ ಇಳಿಯಿತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ನಿಂತಿತು. ಮೊದಲೆಲ್ಲ ನಾಯಕರು ರಾತ್ರಿ ಹನ್ನೆರಡಕ್ಕೆ ಬಂದರೂ ಜನ ಕಾಯುತ್ತಿದ್ದರು. ಬಂದವರು ಮುಂದಿನ ಊರಿನ ಚಿಂತೆ ಇಲ್ಲದೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಈಗ ಹೆಲಿಕಾಪ್ಟರ್ ಇಳಿಯುತ್ತದೆ, ಕತ್ತಲಾಗುವ ಮೊದಲು ಏರಬೇಕು. ದಿನಕ್ಕೆ ನಾಲ್ಕೈದು ಸಭೆ. ‘ವೇದಿಕೆ ಮೇಲಿರುವ’ ಎಂದು ಶುರುಮಾಡಿ ಹೆಸರು ಹೇಳಿ ಮುಗಿಸುವುದರಲ್ಲಿ, ಪೇಟ ಹಾಕಿಸಿಕೊಂಡು ಹಾರ ಇಳಿಸುವುದರಲ್ಲಿ ಅರ್ಧ ಹೊತ್ತು ಹೋಗುತ್ತದೆ. ದೆಹಲಿ ನಾಯಕರು ಬಂದರೆ ಪ್ರತಿ ವಾಕ್ಯಕ್ಕೂ ಅನುವಾದ. ಮಾತು ಏರುವ ಹೊತ್ತಿಗೆ ತಡೆದು ನಿಲ್ಲಬೇಕು. ಕೆಲವು ಸಲ ಅನುವಾದಕರೇ ಮೂಲಕ್ಕಿಂತ ಚೆನ್ನಾಗಿ ಮಾತಾಡಿ ಚಪ್ಪಾಳೆ ಹೊಡೆಸಿಕೊಳ್ಳುವುದೂ ಉಂಟು, ಅದು ಬೇರೆ ಮಾತು.

ರೋಡ್ ಶೋ ಬಂದ ಮೇಲಂತೂ ಭಾಷಣವೇ ಬೇಕಿಲ್ಲ. ತೆರೆದ ವಾಹನ, ಹೂವು, ಡಿಜೆ, ಕೈ ಬೀಸುವುದು. ಪಕ್ಷದವರಿಗೆ ಇದರಿಂದ ಲಾಭವೇ. ಮಾತಾಡಿದರೆ ತಾನೇ ತಪ್ಪು ಮಾತಾಡುವ ಭಯ? ಸಭೆಗೆ ಬರುವವರೂ ಬದಲಾಗಿದ್ದಾರೆ. ಬಸ್ಸಿನಲ್ಲಿ ಕರೆತಂದ ಜನರ ಮುಂದೆ ಹಳೇ ಗ್ರೀಸಿನ ಮಹಾವಾಗ್ಮಿ ಡೆಮಾಸ್ತನಿಸ್‌ನೇ ಬಂದು ನಿಂತರೂ ಅಷ್ಟೆ. ಅವರ ತೀರ್ಮಾನ ಬಸ್ ಹತ್ತುವಾಗಲೇ ಮುಗಿದಿರುತ್ತದೆ.

ಆದರೆ ತೀರ್ಮಾನ ಮಾಡಬೇಕಾದ ಕೇಳುಗರು ಎಲ್ಲಾದರೂ ಸಿಕ್ಕರೆ ಮಾತು ಇವತ್ತಿಗೂ ಕೆಲಸ ಮಾಡುತ್ತದೆ. ನನ್ನ ಧೈರ್ಯಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

2021ರ ಜನವರಿ 28ರ ರಾತ್ರಿ, ದೆಹಲಿಯ ಗಾಜಿಪುರ ಗಡಿ. ಎರಡು ದಿನದ ಹಿಂದೆ ಗಣರಾಜ್ಯೋತ್ಸವದಂದು ನಡೆದ ಟ್ರ್ಯಾಕ್ಟರ್ ಮೆರವಣಿಗೆ ಗಲಭೆಯಾಗಿ, ರೈತ ಚಳವಳಿ ಮುಗಿದೇ ಹೋಯಿತು ಅನ್ನಿಸಿತ್ತು. ಪೊಲೀಸರು ಸುತ್ತ ನಿಂತಿದ್ದರು. ರೈತ ನಾಯಕ ರಾಕೇಶ್ ಟಿಕಾಯತ್ ಕ್ಯಾಮೆರಾಗಳ ಮುಂದೆ ಅಳುತ್ತಾ, ಜಾಗ ಬಿಟ್ಟು ಕದಲುವುದಿಲ್ಲ ಎಂದರು. ಅದರಲ್ಲಿ ಭಾಷೆಯ ಸೊಗಸು ಹುಡುಕಿದರೆ ಏನೂ ಸಿಗುವುದಿಲ್ಲ. ಪಶ್ಚಿಮ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಅದನ್ನು ನೋಡಿದ ರೈತರು ಅದೇ ರಾತ್ರಿ ಟ್ರ್ಯಾಕ್ಟರ್ ಹತ್ತಿದರು. ಮಾರನೇ ದಿನ ಮುಜಫ್ಫರ್‌ನಗರದಲ್ಲಿ ದೊಡ್ಡ ಮಹಾಪಂಚಾಯತ್ ಸೇರಿತು. ಚಳವಳಿ ಉಳಿಯಿತು. ಆ ನವೆಂಬರ್‌ನಲ್ಲಿ ಕೃಷಿ ಕಾಯ್ದೆಗಳನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಧಾನಿ ಪ್ರಕಟಿಸಿದರು. ಕಾಯ್ದೆಗಳು ಒಳ್ಳೆಯವಾ ಕೆಟ್ಟವಾ ಅನ್ನುವ ವಾದ ಇಲ್ಲಿ ಬೇಡ. ಕೆಲವೇ ನಿಮಿಷದ ಮಾತು ರಾತ್ರೋರಾತ್ರಿ ಜನರನ್ನು ಮನೆಯಿಂದ ಎಬ್ಬಿಸಿತು, ಅಷ್ಟು ಸಾಕು.

ಇನ್ನೊಂದು, 2022ರ ಫೆಬ್ರವರಿ 25ರ ರಾತ್ರಿ, ಉಕ್ರೇನಿನ ರಾಜಧಾನಿ ಕೀವ್. ರಷ್ಯಾದ ದಾಳಿ ಶುರುವಾಗಿ ಎರಡನೇ ದಿನ. ಅಧ್ಯಕ್ಷ ಝೆಲೆನ್‌ಸ್ಕಿ ಊರು ಬಿಟ್ಟು ಓಡಿದರು ಎಂಬ ಸುದ್ದಿ ಹಬ್ಬಿತ್ತು. ಅವರು ತಮ್ಮ ನಾಲ್ಕು ಜನ ಸಂಗಡಿಗರ ಜೊತೆ ಬೀದಿಯಲ್ಲಿ ನಿಂತು, ಕೈಯಲ್ಲಿ ಫೋನ್ ಹಿಡಿದು ಒಂದು ವಿಡಿಯೊ ಮಾಡಿದರು. ಇವರು ಇಲ್ಲಿದ್ದಾರೆ, ಅವರು ಇಲ್ಲಿದ್ದಾರೆ, ಅಧ್ಯಕ್ಷ ಇಲ್ಲಿದ್ದಾನೆ, ನಮ್ಮ ಸೈನಿಕರು ಇಲ್ಲಿದ್ದಾರೆ, ನಾವೆಲ್ಲ ಇಲ್ಲೇ ಇದ್ದೇವೆ. ಅರ್ಧ ನಿಮಿಷ, ಒಂದು ಅಲಂಕಾರವೂ ಇಲ್ಲ. ಓಡಬೇಕಾ ನಿಲ್ಲಬೇಕಾ ಎಂದು ಆ ರಾತ್ರಿ ಯೋಚಿಸುತ್ತಿದ್ದ ಜನರಿಗೆ ಅದಕ್ಕಿಂತ ಹೆಚ್ಚಿನ ಮಾತು ಬೇಕಿರಲಿಲ್ಲ. ತುಂಡು ವಿಡಿಯೊ ಅಂದರೆ ಕೀಳು ಅಂದುಕೊಳ್ಳುವವರು ಇದನ್ನು ನೋಡಬೇಕು. ಲಿಂಕನ್ ಮಾಡಿದ್ದೂ ತುಂಡು ಭಾಷಣವೇ ತಾನೇ?

ಒಂದು ಎಚ್ಚರಿಕೆ. ಸ್ಫೂರ್ತಿ ಬಂತು ಅಂದಮಾತ್ರಕ್ಕೆ ಭಾಷಣ ಒಳ್ಳೆಯದು ಅಂತಲ್ಲ. 1943ರ ಫೆಬ್ರವರಿ 18ರಂದು ಬರ್ಲಿನ್‌ನಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ‘ನಿಮಗೆ ಸಂಪೂರ್ಣ ಯುದ್ಧ ಬೇಕಾ?’ ಎಂದು ಕೇಳಿದಾಗ ಇಡೀ ಸಭಾಂಗಣ ಎದ್ದು ನಿಂತು ಬೇಕು ಬೇಕು ಎಂದು ಕೂಗಿತು. ಆ ಸಭಿಕರನ್ನು ಆರಿಸಿ ಕೂರಿಸಲಾಗಿತ್ತು. ಮೈ ಜುಂ ಅನ್ನಿಸಿದರೆ ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದೂ ಇದನ್ನೇ: ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾದೀತು, ರಾಜಕೀಯದಲ್ಲಿ ಅದು ಅಧೋಗತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ. ಗಾಂಧಿಯವರನ್ನೇ ನೋಡಿ. ಬೊಂಬಾಯಿಯ ಸಣ್ಣ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತಾಗ ಬಾಯಿ ಬಾರದೆ ಕೂತುಬಿಟ್ಟಿದ್ದ ವಕೀಲ. ಆಮೇಲೂ ಅವರು ದನಿ ಏರಿಸಿ ಜನರನ್ನು ಗೆದ್ದವರಲ್ಲ.

ಕೇಳಿ ನೋಡಲು ಏನಾದರೂ ಬೇಕು ಅಂದರೆ, ಅಂಬೇಡ್ಕರರ ಆ ನವೆಂಬರ್ 25ರ ಭಾಷಣವನ್ನು ಮೊದಲು ಓದಿ. ಸಂವಿಧಾನ ಸಭೆಯ ನಡವಳಿಯಲ್ಲಿ ಪೂರ್ತಿ ಇದೆ, ಕನ್ನಡದಲ್ಲೂ ಸಿಗುತ್ತದೆ. ‘ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ’ ಎಂದು ಅವರು ಹೇಳುವ ಕಡೆ ನಿಧಾನ ಮಾಡಿ. ಆಮೇಲೆ ಹೌ ಅವರ ಭಾಷಣದ ವಿಡಿಯೊ, ಹಿಂದೆ ಕೂತವರ ಮುಖಗಳನ್ನು ನೋಡುತ್ತಾ. ಆಸ್ಟ್ರೇಲಿಯಾ ಪ್ರಧಾನಿಯಾಗಿದ್ದ ಜೂಲಿಯಾ ಗಿಲ್ಲಾರ್ಡ್ 2012ರ ಅಕ್ಟೋಬರ್ 9ರಂದು ವಿರೋಧ ಪಕ್ಷದ ನಾಯಕರ ಸ್ತ್ರೀದ್ವೇಷದ ಬಗ್ಗೆ ಕಾಲು ಗಂಟೆ ಮಾತಾಡಿದ್ದನ್ನೂ ನೋಡಿ. ಮೊದಲೇ ಬರೆದಿಟ್ಟ ಭಾಷಣ ಅಲ್ಲ, ಸಿಟ್ಟು ತಾನೇ ದಾರಿ ಹುಡುಕಿಕೊಂಡು ಹೋಗುತ್ತದೆ.

ನಮ್ಮ ವಿಧಾನಮಂಡಲವನ್ನೇ ನೋಡಬೇಕು ಅಂದರೆ ಗದ್ದಲದ ದಿನ ಬಿಟ್ಟುಬಿಡಿ. ರಾಜ್ಯಪಾಲರ ಭಾಷಣಕ್ಕೆ ವಂದನಾ ನಿರ್ಣಯ, ಬಜೆಟ್ ಮೇಲಿನ ಸಾಮಾನ್ಯ ಚರ್ಚೆ, ಇವೆರಡರಲ್ಲಿ ಸದಸ್ಯರಿಗೆ ಸ್ವಲ್ಪ ಜಾಸ್ತಿ ಹೊತ್ತು ಸಿಗುತ್ತದೆ. ವಿಧಾನ ಪರಿಷತ್ತಿನ ಚರ್ಚೆಯನ್ನು ಯಾರೂ ನೋಡುವುದಿಲ್ಲ, ನೀವು ನೋಡಿ. ಹೆಸರೇ ಕೇಳಿರದ ಯಾವುದೋ ಸದಸ್ಯರು ತಮ್ಮ ತಾಲ್ಲೂಕಿನ ನೀರಿನದೋ ಶಾಲೆಯದೋ ವಿಷಯ ಎತ್ತಿಕೊಂಡು, ಅಂಕಿಅಂಶ ಇಟ್ಟುಕೊಂಡು, ಸಚಿವರನ್ನು ಬಿಡದೆ ಹಿಡಿಯುವುದು ಕಾಣಿಸುತ್ತದೆ. ವಿಪ್‌ಗೆ ಬಾರದ ವಿಷಯ ಅದು. ಸಚಿವರು ಮನಸ್ಸು ಮಾಡಿದರೆ ಅಲ್ಲೇ ಒಪ್ಪಿಕೊಳ್ಳಬಹುದು, ಒಪ್ಪಿಕೊಳ್ಳುವುದೂ ಉಂಟು.